ನಿವೃತ್ತಿಯ ನಂತರ ಕಡಲಿಗಿಳಿದ ನಿಕಲ್ಸನ್

ಕೊಳ್ಳೇಗಾಲದಲ್ಲಿ ಕಂದಾಯ ಅಧಿಕಾರಿಯಾಗಿದ್ದಾಗ, ಹಳೆಯ ಗಡಿ ತಕರಾರೊಂದರ ಕಡತಕ್ಕೆ ಪೂರಕ ಮಾಹಿತಿ ಹುಡುಕುತ್ತ ಕೊಯಮತ್ತೂರು ಜಿಲ್ಲಾ ಕೈಪಿಡಿಯನ್ನು ಓದಿದ್ದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ಯಳಂದೂರನ್ನು ಹಾದು ಬರುವ ಸುವರ್ಣಾವತಿ ಕಾವೇರಿಯನ್ನು ಸೇರುತ್ತದೆ. ಎರಡು ಸರ್ಕಾರಗಳ ಗಡಿಯನ್ನು ಮೀನುಗಳು ರಹದಾರಿಯಿಲ್ಲದೆ ದಾಟುತ್ತಿದ್ದವು.

1887ರಲ್ಲಿ ಪ್ರಕಟವಾದ ಆ ಕೈಪಿಡಿಯನ್ನು ಬರೆದವರು ಫ್ರೆಡರಿಕ್ ಅಗಸ್ಟಸ್ ನಿಕಲ್ಸನ್. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಆ ಹೆಸರು ನನಗೆ ಪರಿಚಿತವೇ ಆಗಿತ್ತು. ಭಾರತದ ಸಹಕಾರ ಚಳವಳಿಯ ಇತಿಹಾಸ ಆರಂಭವಾಗುವುದೇ ಅವರ ವರದಿಯಿಂದ. ಅದೇ ವ್ಯಕ್ತಿ ದಕ್ಷಿಣ ಭಾರತದ ಮೀನುಗಾರಿಕಾ ಇಲಾಖೆಗೂ ಅಡಿಪಾಯ ಹಾಕಿದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಈ ಎರಡು ಕೆಲಸಗಳು ಮೂಲತಃ ಒಂದೇ ಎಂಬುದು ಅರ್ಥವಾಗಲು ನನಗೂ ನಿವೃತ್ತಿಯ ವಯಸ್ಸೇ ಬರಬೇಕಾಯಿತು.

1846ರಲ್ಲಿ ಜನಿಸಿದ ನಿಕಲ್ಸನ್ 1869ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ಬಂದರು. ಏಳು ವರ್ಷ ಕಳೆಯುವಷ್ಟರಲ್ಲಿ 1876–78ರ ಮಹಾಕ್ಷಾಮ ದಕ್ಷಿಣ ಭಾರತವನ್ನು ಹಿಂಡಿತು. ನಮ್ಮ ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದ ಕ್ಷಾಮ ಅದು. ಬಡವನ ಅನ್ನ ಮತ್ತು ಸಾಲದ ಪ್ರಶ್ನೆ ಈ ಅಧಿಕಾರಿಯನ್ನು ಕೊನೆಯವರೆಗೂ ಬಿಡಲಿಲ್ಲ. ಕೃಷಿ ಬ್ಯಾಂಕುಗಳ ಸಾಧ್ಯತೆಯನ್ನು ಪರಿಶೀಲಿಸುವ ಹೊಣೆ 1892ರಲ್ಲಿ ಅವರ ಪಾಲಿಗೆ ಬಂತು. ಯುರೋಪಿನ ಗ್ರಾಮೀಣ ಸಾಲ ವ್ಯವಸ್ಥೆಗಳನ್ನು ಅಭ್ಯಸಿಸಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳ ವರದಿಯನ್ನು ಒಪ್ಪಿಸಿದರು. ರೈತನಿಗೆ ಮಿತವ್ಯಯದ ಉಪದೇಶವಾಗಲಿ, ಸರ್ಕಾರದ ದಾನವಾಗಲಿ ಸಾಲದು. ಹಳ್ಳಿಯವರು ಪರಸ್ಪರ ಹೊಣೆ ಹೊತ್ತು ತಾವೇ ನಡೆಸುವ ಸಂಘಗಳು ಬೇಕು ಎಂಬುದು ಅದರ ತಿರುಳು. ಜರ್ಮನಿಯ ರೈಫೈಸನ್ ಕಟ್ಟಿದ ಸಂಘಗಳು ಅವರಿಗೆ ಮಾದರಿಯಾಗಿದ್ದವು. 1901ರ ಕ್ಷಾಮ ಆಯೋಗದಲ್ಲಿ ಅವರು ಸದಸ್ಯರಾಗಿದ್ದರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂತು.

ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೆ ತೃಪ್ತರಾಗಿ ಸ್ವದೇಶಕ್ಕೆ ಹಡಗು ಹತ್ತುತ್ತಿದ್ದರು. ಅರುವತ್ತರ ಅಂಚಿನಲ್ಲಿದ್ದ ನಿಕಲ್ಸನ್ 1905ರಲ್ಲಿ ಪ್ರಾಂತ್ಯದ ಮೀನುಗಾರಿಕೆಯ ಶೋಧನೆಗೆ ಹೊರಟರು. 1907ರ ಹೊತ್ತಿಗೆ ಮದ್ರಾಸ್ ಮೀನುಗಾರಿಕಾ ಬ್ಯೂರೋ ರೂಪುಗೊಂಡಿತು. ಗೌರವ ನಿರ್ದೇಶಕರಾಗಿ ಅವರು 1918ರವರೆಗೆ ಅದನ್ನು ಮುನ್ನಡೆಸಿದರು.

ಅವರಿಗಿಂತ ಮುಂಚೆಯೂ ಮೀನಿನ ಬಗ್ಗೆ ಚಿಂತಿಸಿದ ಅಧಿಕಾರಿಗಳಿದ್ದರು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ, ಗಾಳದ ಮೀನುಗಾರಿಕೆಯ ಪ್ರಸಿದ್ಧ ಗ್ರಂಥ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದೇ ದಶಕದಲ್ಲಿ ಫ್ರಾನ್ಸಿಸ್ ಡೇ ಭಾರತದ ಮೀನುಗಳ ಬೃಹತ್ ಗ್ರಂಥವನ್ನು ಹೊರತಂದರು. ನೀರಿಗೆ ವಿಷ ಬೆರೆಸುವುದನ್ನೂ ಸಿಡಿಮದ್ದು ಹಾಕುವುದನ್ನೂ 1897ರ ಮೀನುಗಾರಿಕಾ ಕಾಯ್ದೆ ಅಪರಾಧವೆಂದು ಸಾರಿತು. ಆದರೆ ಗ್ರಂಥಗಳು ಇಂಗ್ಲಿಷಿನಲ್ಲಿದ್ದವು, ಕಾಯ್ದೆ ಪೊಲೀಸರ ಕೈಯಲ್ಲಿತ್ತು. ಬಲೆ ಬೀಸುವವನಿಗೆ ಎರಡೂ ದೂರ.

ಈ ದೂರವನ್ನು ಕಡಿಮೆ ಮಾಡಲು ಹೊರಟದ್ದೇ ನಿಕಲ್ಸನ್‌ರ ವಿಶೇಷ. ಮೀನುಗಾರ ಈಗ ಏನು ಮಾಡುತ್ತಿದ್ದಾನೆ, ಏಕೆ ಹಾಗೆ ಮಾಡುತ್ತಿದ್ದಾನೆ ಎಂಬುದನ್ನು ಮೊದಲು ತಿಳಿಯಬೇಕು. ಆಮೇಲೆ ಅವನ ಕೈಗೆಟಕುವ ವೆಚ್ಚದ ಸುಧಾರಣೆಯನ್ನು ಕಣ್ಣೆದುರೇ ಮಾಡಿ ತೋರಿಸಬೇಕು. ಜಪಾನಿನ ಮೀನುಗಾರಿಕೆಯನ್ನು ಕುರಿತು 1907ರಲ್ಲಿ ಟಿಪ್ಪಣಿ ಪ್ರಕಟಿಸಿದ ಅವರನ್ನು ಅಲ್ಲಿನ ಪ್ರಯೋಗ ಕೇಂದ್ರಗಳು, ಶಾಲೆಗಳು ಮತ್ತು ಮೀನುಗಾರರ ಸಂಘಗಳು ಬಹುವಾಗಿ ಸೆಳೆದಿದ್ದವು. ದೊಡ್ಡ ಉಗಿ ದೋಣಿಗಳನ್ನು ತಂದು ತೆಪ್ಪದವರನ್ನು ಒಮ್ಮೆಗೇ ಬದಿಗೆ ಸರಿಸುವ ಅವಸರ ಅವರಿಗಿರಲಿಲ್ಲ.

ಪಶ್ಚಿಮ ಕರಾವಳಿಯ ಭೂತಾಯಿ ಮೀನಿನ ಕಥೆ ಇದಕ್ಕೆ ಉತ್ತಮ ನಿದರ್ಶನ. ಹೇರಳವಾಗಿ ಸಿಕ್ಕ ವರ್ಷಗಳಲ್ಲಿ ಮೀನನ್ನು ಕೊಳೆಸಿ ಎಣ್ಣೆ ತೆಗೆಯುತ್ತಿದ್ದರು. ದಂಡೆಯ ತುಂಬ ದುರ್ವಾಸನೆ, ಎಣ್ಣೆಗೆ ಬೆಲೆಯಿಲ್ಲ. ತಾಜಾ ಮೀನನ್ನು ಬೇಯಿಸಿ, ಹಿಂಡಿ, ಶುದ್ಧ ಎಣ್ಣೆಯನ್ನೂ ಒಣಗೊಬ್ಬರವನ್ನೂ ಪಡೆಯುವ ಸರಳ ವಿಧಾನವನ್ನು ಮಲಬಾರಿನಲ್ಲಿ ಬ್ಯೂರೋ ಪ್ರಯೋಗಿಸಿ ತೋರಿಸಿತು. ಅದನ್ನು ಕಂಡ ಖಾಸಗಿ ಜನರು ಕರಾವಳಿಯುದ್ದಕ್ಕೂ ಸಣ್ಣ ಸಣ್ಣ ಕಾರ್ಖಾನೆಗಳನ್ನು ತೆರೆದರು. ಪ್ರಯೋಗಗಳ ಫಲ ಬುಲೆಟಿನ್‌ಗಳಲ್ಲಿ ಪ್ರಕಟವಾಗುತ್ತಿತ್ತು. ಜೇಮ್ಸ್ ಹಾರ್ನೆಲ್‌ರಂಥ ಸಮುದ್ರಜೀವಿ ತಜ್ಞರೂ ಬ್ಯೂರೋಗೆ ಬಂದರು. ಮುಂದೆ ಅವರೇ ನಿರ್ದೇಶಕರಾದರು. ಮೀನುಗಾರರ ಸಹಕಾರ ಸಂಘಗಳು, ಅವರ ಮಕ್ಕಳ ಶಿಕ್ಷಣ ಕೂಡ ಬ್ಯೂರೋದ ಕಾರ್ಯಕ್ಷೇತ್ರಕ್ಕೆ ಸೇರಿದವು. ಸಾಲಗಾರನಾದ ಮೀನುಗಾರ ವಿಜ್ಞಾನವನ್ನು ಕೇಳಿಸಿಕೊಂಡರೂ ಪಾಲಿಸಲಾರ ಎಂಬುದನ್ನು ಕೃಷಿ ಬ್ಯಾಂಕಿನ ವರದಿ ಬರೆದವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಈ ಸತ್ಯವನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ಕೊಳ್ಳೇಗಾಲದ ಕಡೆಯ ಒಂದು ಊರಿನ ಕೆರೆಯಲ್ಲಿ ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೂ ಬಾಚುತ್ತಿದ್ದಾರೆಂಬ ದೂರು ಬಂದಿತ್ತು. ಬೆಳೆಯದ ಮೀನನ್ನು ಹಿಡಿದರೆ ಮುಂದಿನ ವರ್ಷ ಕೆರೆ ಬರಿದಾಗುತ್ತದೆಂದು ವಿವರಿಸುವ ಪ್ರಕಟಣೆಯೊಂದನ್ನು ನಾನೇ ಬರೆದು ಹಚ್ಚಿಸಿದೆ. ಕೆಲವು ದಿನಗಳ ನಂತರ ಅಲ್ಲಿಗೆ ಹೋದಾಗ ವೃದ್ಧ ಬೆಸ್ತರೊಬ್ಬರು ಸಮಾಧಾನದಿಂದಲೇ ವಸ್ತುಸ್ಥಿತಿ ತಿಳಿಸಿದರು. ಮರಿ ಹಿಡಿದರೆ ಸಂತತಿ ಅಳಿಯುತ್ತದೆಂಬುದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಆದರೆ ಕೆರೆಯ ಗುತ್ತಿಗೆ ಒಂದೇ ವರ್ಷದ್ದು. ಬಿಡ್ಡಿನ ಹಣ ತಂದದ್ದು ಬಡ್ಡಿಗೆ. ಈ ವರ್ಷ ಬಿಟ್ಟ ಮೀನು ಮುಂದಿನ ವರ್ಷ ಇನ್ನೊಬ್ಬ ಬಿಡ್ಡುದಾರನ ಪಾಲು. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯಿದ್ದ ನಾನು ಈ ಸರಳ ಲೆಕ್ಕವನ್ನು ಕಾಣದೆ ಹೋಗಿದ್ದೆ. ಆ ಪ್ರಕಟಣೆಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ನಿಕಲ್ಸನ್‌ರನ್ನು ದೋಷಾತೀತರೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಅವರದು ಸಾಮ್ರಾಜ್ಯದ ಆಡಳಿತ; ಪ್ರಜೆಗಳ ಹಿತ ಯಾವುದೆಂದು ತಾವೇ ನಿರ್ಧರಿಸುವ ಅಭ್ಯಾಸ ಅದಕ್ಕಿತ್ತು. ನೀಲಗಿರಿಯ ಹೊಳೆಗಳಲ್ಲಿ ಪರದೇಶದ ಟ್ರೌಟ್ ನೆಲೆಯೂರಿದ್ದೂ ಆ ಕಾಲದಲ್ಲೇ. ಹೊರಗಿನ ಮೀನನ್ನು ತಂದು ಬಿಡುವುದು ಆಗ ಪ್ರಗತಿಯ ಲಕ್ಷಣವಾಗಿತ್ತು.

ಆ ನಂಬಿಕೆಯ ಬೆಲೆ ಈಗ ನಮ್ಮ ಕಾವೇರಿಯಲ್ಲೇ ಕಾಣುತ್ತಿದೆ. ಶಿವನಸಮುದ್ರದ ಕೆಳಗೆ, ಹನೂರಿನ ಕಾಡಂಚಿನಲ್ಲಿ ಹೊಗೇನಕಲ್ಲಿನತ್ತ ಹರಿಯುವ ನದಿ, ಕಿತ್ತಳೆ ಬಣ್ಣದ ರೆಕ್ಕೆಯ, ಡುಬ್ಬದ ಬೆನ್ನಿನ ಮಹಸೀರ್‌ನ ಹೆಸರಾಂತ ನೆಲೆಯಾಗಿತ್ತು. ಕಾವೇರಿ ಕಣಿವೆಯ ಹೊರಗೆ ಈ ಮೀನು ಇಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ನದಿಯ ಸಂಪತ್ತು ಹೆಚ್ಚಲೆಂಬ ಸದುದ್ದೇಶದಿಂದಲೇ ನೀಲಿ ರೆಕ್ಕೆಯ ಇನ್ನೊಂದು ಮಹಸೀರ್‌ನ ಮರಿಗಳನ್ನು ಇಲ್ಲಿಗೆ ತಂದು ಬಿಡಲಾಯಿತು. ಹೊಸದು ಹಬ್ಬಿತು, ಹಳೆಯದು ಸೊರಗಿತು. ಸ್ಥಳೀಯ ಮೀನು ಟಾರ್ ರೆಮಾದೇವಿ ಎಂಬ ಪ್ರಭೇದಕ್ಕೆ ಸೇರಿದ್ದೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಸರಿಯಾದ ಹೆಸರು ಸಿಗುವ ಹೊತ್ತಿಗೆ ಮೀನೇ ವಿರಳವಾಗಿತ್ತು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. ಒಳನಾಡು ಮೀನುಗಾರಿಕೆಯ ಸಂರಕ್ಷಣೆಗೆಂದೇ 1996ರ ರಾಜ್ಯ ಅಧಿನಿಯಮವಿದೆ. ಕೊರತೆಯಿರುವುದು ತಿಳಿವಳಿಕೆಯ ಕೊಡುಕೊಳ್ಳುವಿಕೆಗೆ. ಯಾವ ಮಡುವಿನಲ್ಲಿ ಯಾವ ಮೀನು ಎಂದು ಮರಿ ಹಾಕುತ್ತದೆಂಬುದು ಹರಿಗೋಲಿನವನಿಗೆ ಗೊತ್ತು. ಅದರ ವಂಶವಾಹಿಯ ಗುಟ್ಟು ಪ್ರಯೋಗಾಲಯಕ್ಕೆ ಗೊತ್ತು. ಇಬ್ಬರೂ ಒಂದೆಡೆ ಕುಳಿತು ಮಾತನಾಡುವಂತೆ ಮಾಡುವುದು ಆಡಳಿತದ ಕರ್ತವ್ಯ. ಅದರೊಂದಿಗೆ, ಇಂದು ಬಿಟ್ಟ ಮೀನು ನಾಳೆ ತನಗೇ ದಕ್ಕುತ್ತದೆಂಬ ಭರವಸೆಯನ್ನು ದೀರ್ಘಾವಧಿ ಗುತ್ತಿಗೆ ಮತ್ತು ಜೀವಂತ ಸಹಕಾರ ಸಂಘಗಳ ಮೂಲಕ ಮೀನುಗಾರನಿಗೆ ಕೊಡಬೇಕು.

ನಿಕಲ್ಸನ್ 1936ರಲ್ಲಿ ಕೂನೂರಿನಲ್ಲಿ ತೀರಿಕೊಂಡರು. ಕೊಳ್ಳೇಗಾಲದಲ್ಲಿ ಅವರ ಹೆಸರಿನ ರಸ್ತೆಯಾಗಲಿ ಪುತ್ಥಳಿಯಾಗಲಿ ನನ್ನ ಕಣ್ಣಿಗೆ ಬಿದ್ದಿಲ್ಲ; ಬೇಕೆಂದೂ ನಾನು ಕೇಳುವುದಿಲ್ಲ. ಕೆರೆಯ ಏರಿಯ ಮೇಲೆ ಪ್ರಕಟಣೆ ಹಚ್ಚುವ ಮೊದಲು ಅಲ್ಲಿನ ಬೆಸ್ತರೊಡನೆ ಅರ್ಧ ದಿನ ಕುಳಿತುಕೊಳ್ಳುವ ಅಧಿಕಾರಿಗಳು ನಾಲ್ಕು ಜನ ಸಿಕ್ಕರೂ ಸಾಕು.