ಇಳಿಯುವುದನ್ನೂ ಬಲ್ಲ ವೈಮಾನಿಕ: ಜೆ. ಆರ್. ಡಿ. ಟಾಟಾ

ಟಾಟಾ ಎಂಬ ಹೆಸರನ್ನು ನಮ್ಮ ಉಮರ್ಗಾ, ನಿಲಂಗಾ, ಉದಗೀರದ ಮಕ್ಕಳು ಲಾರಿಗಳ ಮೇಲೆ ದಿನವೂ ಓದುತ್ತಾರೆ. ಆ ಮನೆತನದ ಜೆ. ಆರ್. ಡಿ. ಟಾಟಾ ಅವರು ಭಾರತದ ವಿಮಾನಯಾನಕ್ಕೆ ಅಡಿಗಲ್ಲು ಹಾಕಿದವರು.

ಇವರು 1904ರ ಜುಲೈ 29ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ಪಾರಸಿಗಳು, ತಾಯಿ ಫ್ರೆಂಚರು. ರಜೆಗೆ ಹೋಗುತ್ತಿದ್ದ ಕಡಲತೀರದ ಹಾರ್ಡೆಲೋ ಊರಿನಲ್ಲಿ ಲೂಯಿ ಬ್ಲೇರಿಯೋ ಅವರ ಮನೆಯೂ ಇತ್ತು. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊದಲು ವಿಮಾನದಲ್ಲಿ ದಾಟಿದ ಧೀರರು ಅವರು. ದಾಟಿದ್ದೇನೋ ದಾಟಿದರು, ಡೋವರಿನಲ್ಲಿ ಇಳಿಯುವಾಗ ಗಾಳಿಗೆ ಸಿಕ್ಕು, ವಿಮಾನದ ಗಾಲಿಯ ಚೌಕಟ್ಟೂ ಪಂಖವೂ ಜಖಂಗೊಂಡವು. ಅಂಥ ವಿಮಾನಗಳು ಮರಳಿನ ಮೇಲೆ ಇಳಿಯುವುದನ್ನು ಕಂಡೇ ಬಾಲಕನಿಗೆ ಹಾರುವ ಹುಚ್ಚು ಹಿಡಿಯಿತು.

1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಟ್ಟ ಮೊದಲ ವೈಮಾನಿಕ ಪರವಾನಗಿ ಇವರದಾಯಿತು. ಮರುವರ್ಷ ಆಗಾ ಖಾನ್ ಬಹುಮಾನಕ್ಕಾಗಿ ಕರಾಚಿಯಿಂದ ಇಂಗ್ಲೆಂಡಿಗೆ ಜಿಪ್ಸಿ ಮಾತ್ ವಿಮಾನದಲ್ಲಿ ಒಬ್ಬರೇ ಹೊರಟರು. ಆ ವಿಮಾನಕ್ಕೆ ಬ್ರೇಕೇ ಇರಲಿಲ್ಲ! ಬಾಲದ ಕೆಳಗಿನ ಊರುಗೋಲಿನಂಥ ಪಟ್ಟಿ ನೆಲಕ್ಕೆ ಉಜ್ಜಿಯೇ ವೇಗ ತಗ್ಗಬೇಕು. ಮುಂದೆ ಬಂದ ಬ್ರೇಕುಗಳೂ ನಿರಪಾಯವಲ್ಲ. ಇಳಿಜಾರಿನಲ್ಲಿ ಸೈಕಲ್ಲಿನ ಮುಂದಿನ ಬ್ರೇಕನ್ನೇ ಬಿಗಿಯಾಗಿ ಹಿಡಿದವರಿಗೆ ಇದು ಗೊತ್ತು. ಬಾಲದ ಮೇಲೆ ಕೂರುವ ಸಣ್ಣ ವಿಮಾನದಲ್ಲಿ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಬಾಲವೆದ್ದು ಮೂತಿ ನೆಲಕ್ಕೆ ತಾಗುತ್ತದೆ. ಒಂದೇ ಬದಿಗೆ ಒತ್ತಿದರೆ ವಿಮಾನ ಗರ್ರನೆ ತಿರುಗಿಬಿಡುತ್ತದೆ.

ದಾರಿಯಲ್ಲಿ, ಈಜಿಪ್ಟಿನ ಅಬೂಕಿರ್‌ನಲ್ಲಿ, ಎದುರು ದಿಕ್ಕಿನಿಂದ ಬಂದ ಸ್ಪರ್ಧಿ ಆಸ್ಪಿ ಇಂಜಿನಿಯರ್ ಸ್ಪಾರ್ಕ್ ಪ್ಲಗ್ಗಿಲ್ಲದೆ ನಿಂತಿದ್ದರು. ಟಾಟಾ ಅವರು ತಮ್ಮ ಬಳಿಯಿದ್ದುದನ್ನು ಕೊಟ್ಟರು. ಗೆದ್ದವರು ಆಸ್ಪಿ! ಮುಂದೆ ಅವರೇ ವಾಯುದಳದ ಮುಖ್ಯಸ್ಥರಾದರು.

1932ರ ಅಕ್ಟೋಬರ್ 15ರಂದು ಟಾಟಾ ಅವರು ಪಸ್ ಮಾತ್ ವಿಮಾನದಲ್ಲಿ ಅಂಚೆ ಹೊತ್ತು, ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹೂದಲ್ಲಿ ಇಳಿದರು. ಈ ವಿಮಾನದ ಗಾಲಿಕಂಬಗಳ ಹೊದಿಕೆಯನ್ನು ಅಡ್ಡ ತಿರುಗಿಸಿದರೆ ಗಾಳಿಯೇ ಬ್ರೇಕಾಗುತ್ತಿತ್ತು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಅಂಚೆಯನ್ನು ನಮ್ಮ ಕನ್ನಡದ ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಮಳೆಗಾಲದಲ್ಲಿ ಜುಹೂ ಬಯಲು ಬರೀ ಕೆಸರು. ಕೆಸರಿನಲ್ಲಿ ಗಾಲಿ ಹೂತರೆ ಯಾವ ಬ್ರೇಕೂ ಉಪಯೋಗಕ್ಕೆ ಬಾರದು. ಆಗ ಅವರು ಹಟ ಹಿಡಿಯದೆ ನೆಲೆಯನ್ನೇ ಪುಣೆಗೆ ಬದಲಿಸಿದರು.

ಆ ಅಂಚೆಸೇವೆಯೇ ಏರ್ ಇಂಡಿಯಾ ಆಗಿ ಬೆಳೆಯಿತು. 1953ರಲ್ಲಿ ರಾಷ್ಟ್ರೀಕರಣವಾದ ಮೇಲೂ 1978ರವರೆಗೆ ಅವರೇ ಅಧ್ಯಕ್ಷರು. 1982ರಲ್ಲಿ, 78ರ ವಯಸ್ಸಿನಲ್ಲಿ, ಹಳೆಯ ಲೆಪರ್ಡ್ ಮಾತ್ ವಿಮಾನವನ್ನು ಕರಾಚಿಯಿಂದ ತಾವೇ ನಡೆಸಿಕೊಂಡು ಬಂದು ಮತ್ತೆ ಜುಹೂದಲ್ಲಿ ಇಳಿಸಿದರು. 1992ರಲ್ಲಿ ಭಾರತರತ್ನ ಸಂದಿತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು.