ಪೋರ್ಟ್ ನಂಬರುಗಳ ಲೆಕ್ಕ ಇಟ್ಟವರು: ಜಾನ್ ಪೋಸ್ಟೆಲ್

ವೆಬ್‌ಗೆ 80, ಮೇಲ್‌ಗೆ 25 ಅಂತ ನಾವೆಲ್ಲ ನೆಟ್‌ವರ್ಕ್ಸ್ ವೈವಾಗೆ ಬಾಯಿಪಾಠ ಮಾಡಿದ್ದೇವೆ. ಆ ನಂಬರುಗಳ ಪಟ್ಟಿ ನೋಡಿಕೊಳ್ಳೋದಕ್ಕೇ ಒಬ್ಬರು ತಮ್ಮ ಅರ್ಧ ಆಯುಷ್ಯ ಕೊಟ್ಟಿದ್ದರು ಅನ್ನೋದು ಮಾತ್ರ ನಮಗೆ ಗೊತ್ತಿರಲಿಲ್ಲ.

ಜಾನ್ ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ. 1969ರಲ್ಲಿ ಅರ್ಪಾನೆಟ್‌ನ ಮೊದಲ ನೋಡ್ ಅಲ್ಲೇ ಶುರುವಾದಾಗ ಅವರಿನ್ನೂ ನಮ್ಮ ಹಾಗೆ ವಿದ್ಯಾರ್ಥಿ. ನೆಟ್‌ವರ್ಕ್‌ನ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ದಾಖಲೆಗಳ ಸಂಪಾದಕರಾದರು, ಸಾಯುವವರೆಗೂ ಆ ಕೆಲಸ ಬಿಡಲಿಲ್ಲ. 1972ರಲ್ಲಿ, ಯಾವ ಸೇವೆಗೆ ಯಾವ ನಂಬರ್ ಅಂತ ಹಂಚೋದಕ್ಕೆ ಒಬ್ಬರು ಬೇಕು ಎಂದು ಬರೆದು, ಆ ಒಬ್ಬರು ತಾನೇ ಆಗಬಹುದು ಅಂತ ಮುಂದೆ ಬಂದರು. ಐಪಿ, ಟಿಸಿಪಿ ದಾಖಲೆಗಳನ್ನು 1981ರಲ್ಲಿ ಸಂಪಾದಿಸಿದ್ದೂ, ಮೇಲ್ ಕಳಿಸುವ ಎಸ್‌ಎಂಟಿಪಿಯನ್ನು 1982ರಲ್ಲಿ ಬರೆದದ್ದೂ ಅವರೇ. ಡಿಎನ್‌ಎಸ್ ರೂಪಿಸುವ ಕೆಲಸವನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್‌ಗೆ ಒಪ್ಪಿಸಿದ್ದೂ ಅವರೇ.

ಡಿಎನ್‌ಎಸ್ ಹೆಸರು ಕೊಟ್ಟರೆ ವಿಳಾಸ ಹೇಳುತ್ತಿತ್ತು, ಪೋರ್ಟ್ ಹೇಳುತ್ತಿರಲಿಲ್ಲ. ಅದಕ್ಕೆ ಪೋಸ್ಟೆಲ್ ಪಟ್ಟಿಯೇ ಗತಿ. 1996ರಲ್ಲಿ ಬಂದ ಆರ್‌ಎಫ್‌ಸಿ 2052 ಈ ಕೊರತೆ ತುಂಬಿತು. ಅದರ ಎಸ್‌ಆರ್‌ವಿ ರೆಕಾರ್ಡ್‌ನಲ್ಲಿ ಸೇವೆಯ ಹೆಸರು, ಪ್ರೋಟೋಕಾಲ್, ಡೊಮೇನ್ ಕೊಟ್ಟು ಕೇಳಿದರೆ ಸರ್ವರ್ ಹೆಸರು, ಪೋರ್ಟ್ ಎರಡೂ ಸಿಗುತ್ತವೆ. ಜೊತೆಗೆ ಪ್ರಯಾರಿಟಿ ಇದೆ: ಚಿಕ್ಕ ಅಂಕಿಯ ಸರ್ವರ್‌ಗೆ ಮೊದಲು ಹೋಗಬೇಕು, ಅದು ಕೈಕೊಟ್ಟರೆ ಮುಂದಿನದಕ್ಕೆ. ಪ್ರಯಾರಿಟಿ ಒಂದೇ ಆಗಿದ್ದರೆ ವೆಯ್ಟ್ ನೋಡಿ ಲೋಡ್ ಹಂಚಬೇಕು. ಸೇವೆಗಳ ಹೆಸರನ್ನು ಎಲ್ಲಿಂದ ತಗೊಂಡರು? ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಇಟ್ಟಿದ್ದ ಅದೇ ಪಟ್ಟಿಯಿಂದ!

ಇಷ್ಟೆಲ್ಲ ಒಬ್ಬರ ಮೇಲಿನ ನಂಬಿಕೆಯಿಂದ ನಡೆಯುತ್ತಿತ್ತು. ಅದು ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು 1998ರ ಜನವರಿ 28ರಂದು. ಸರ್ಕಾರದ ಗುತ್ತಿಗೆ ಕಂಪನಿಯ ಸರ್ವರ್ ಬಿಟ್ಟು ತಮ್ಮ ಸರ್ವರ್‌ನಿಂದ ಮಾಹಿತಿ ತಗೊಳ್ಳಿ ಅಂತ ಎಂಟು ರೂಟ್ ಸರ್ವರ್‌ಗಳವರಿಗೆ ಪೋಸ್ಟೆಲ್ ಮೇಲ್ ಕಳಿಸಿದರು. ಅವರು ಹಾಗೇ ಮಾಡಿಬಿಟ್ಟರು! ಅಮೆರಿಕ ಸರ್ಕಾರ ಗಾಬರಿಯಾಗಿ ಹಿಂದಕ್ಕೆ ತಗೊಳ್ಳಿ ಅಂದಿತು. ಅದು ಬರೀ ಪರೀಕ್ಷೆ ಅಂತ ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಅದೇ ವರ್ಷ ಅವರ ಕೆಲಸಕ್ಕಾಗಿ ಐಕಾನ್ ಸಂಸ್ಥೆ ಹುಟ್ಟಿತು. ಅದು ಕಾಲೂರುವ ಮೊದಲೇ, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ಅವರು ತೀರಿಕೊಂಡರು. ಆಗ ವಯಸ್ಸು ಬರೀ 55. ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಆರ್‌ಎಫ್‌ಸಿ 2468 ಆಗಿ ಪ್ರಕಟವಾಯಿತು.

ಎಸ್‌ಆರ್‌ವಿಯ ಈಗಿನ ರೂಪ, ಆರ್‌ಎಫ್‌ಸಿ 2782, ಬಂದದ್ದು 2000ದಲ್ಲಿ. ಹಾಸ್ಟೆಲ್‌ನಲ್ಲಿ ನಾವು ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯಲ್ಲಿ ಪೋರ್ಟ್ ಟೈಪ್ ಮಾಡದೆ ಬರೀ ಡೊಮೇನ್ ಹೆಸರು ಕೊಟ್ಟು ಬೇರೆ ಪೋರ್ಟ್‌ನ ಸರ್ವರ್‌ಗೂ ಸೇರಿಕೊಳ್ಳೋದು ಇದರಿಂದಲೇ. ಮಿನಿ ಪ್ರಾಜೆಕ್ಟ್‌ನಲ್ಲಿ ಮಾತ್ರ ಐಪಿ, ಪೋರ್ಟ್ ಎರಡನ್ನೂ ಕೋಡ್ ಒಳಗೇ ಬರೆದು, ಸರ್ವರ್ ಬದಲಾದ ದಿನ ತಲೆ ಮೇಲೆ ಕೈಹೊತ್ತು ಕೂರುತ್ತೇವೆ. ಈ ಸೆಮಿಸ್ಟರ್‌ನಲ್ಲಾದರೂ ಅದನ್ನು ಬಿಡೋಣ.