ಸ್ಕೋರು ಪುಸ್ತಕದ ಸಾಕ್ಷಿ
ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರ ಜೀವನ

ಖಾಪರಖೇಡಾ: ಪತ್ರಿಕೆಯಲ್ಲಿ ಆಟದ ವರದಿಯನ್ನು ಓದುವ ಮನುಷ್ಯನು ಎರಡು ವಸ್ತುಗಳನ್ನು ಬಯಸುತ್ತಾನೆ. ಆಟದಲ್ಲಿ ಏನು ನಡೆಯಿತೆಂಬುದು ಒಂದು. ನಡೆದುದರ ವಿಷಯದಲ್ಲಿ ಬಲ್ಲವರು ಏನೆನ್ನುತ್ತಾರೆಂಬುದು ಮತ್ತೊಂದು. ಮೊದಲನೆಯದು ವರದಿ, ಎರಡನೆಯದು ಅಭಿಪ್ರಾಯ. ಇವೆರಡೂ ಒಂದರೊಳಗೊಂದು ಬೆರೆತು ಬಂದಾಗ ಓದುಗನಿಗೆ ಮೋಸವಾಗುತ್ತದೆ.

2017ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ಈಡನ್ ಗಾರ್ಡನ್ಸ್ ಮೈದಾನದಲ್ಲಿ ನಡೆದ ರಣಜಿ ಉಪಾಂತ್ಯ ಪಂದ್ಯವು ಈ ಮಾತಿಗೆ ಒಳ್ಳೆಯ ನಿದರ್ಶನ. ವಿದರ್ಭ ತಂಡವು 185 ಮತ್ತು 313 ಓಟಗಳನ್ನೂ, ಕರ್ನಾಟಕ ತಂಡವು 301 ಮತ್ತು 192 ಓಟಗಳನ್ನೂ ಗಳಿಸಿದುವು. ವಿದರ್ಭವು ಕೇವಲ 5 ಓಟಗಳಿಂದ ಗೆದ್ದಿತು. ಹಿಂದೆ ಕರ್ನಾಟಕದ ಪರವಾಗಿ ಆಡಿದ್ದ ಗಣೇಶ್ ಸತೀಶ್ ಅಂದು ವಿದರ್ಭದ ದಾಂಡಿಗರಾಗಿದ್ದರು. ಇಲ್ಲಿನ ವಿದ್ಯುತ್ ಕೇಂದ್ರದ ಆಸುಪಾಸಿನಲ್ಲಿ ದುಡಿಯುವ ಕನ್ನಡಿಗನು ಹುಟ್ಟಿದ ನಾಡಿಗಾಗಿ ಮರುಗಬೇಕೋ, ಅನ್ನ ನೀಡಿದ ನಾಡಿಗಾಗಿ ಹಿಗ್ಗಬೇಕೋ ಎಂಬುದು ಅವನವನ ಮನಸ್ಸಿಗೆ ಸೇರಿದ್ದು. ಆದರೆ ಆ 5 ಓಟಗಳು ನಾಗಪುರದಲ್ಲಿಯೂ ಐದೇ, ಬೆಂಗಳೂರಿನಲ್ಲಿಯೂ ಐದೇ. ಅಭಿಪ್ರಾಯ ಹತ್ತಾದರೂ ಅಂಕಿ ಒಂದೇ.

ಅಂಕಿಯು ಒಂದು ಹೇಳುತ್ತಿದ್ದಾಗ ಅಭಿಪ್ರಾಯವು ಮತ್ತೊಂದನ್ನು ಹೇಳಿ, ಅದರ ಫಲವನ್ನು ಜೀವಮಾನವೆಲ್ಲ ಉಂಡವರೊಬ್ಬರಿದ್ದರು. ಅವರೇ ಭಾರತದ ಮೊದಲ ಮಹಾನ್ ಬೌಲರ್ ಎನಿಸಿದ ಪಾಲವಣಕರ ಬಾಳೂ.

ನೆಲ ಗುಡಿಸಿದ ಬಾಲಕ

ಬಾಳೂ ಅವರು 1870ರ ದಶಕದ ನಡುವಿನಲ್ಲಿ ಧಾರವಾಡದಲ್ಲಿ ಹುಟ್ಟಿದರು. ಮನೆತನದ ಮೂಲ ಕೊಂಕಣ ಸೀಮೆ, ಜಾತಿ ಚಮ್ಮಾರರದು. ಅಂದಿನ ಸಮಾಜವು ಆ ಜಾತಿಯವರನ್ನು ಮುಟ್ಟಿಸಿಕೊಳ್ಳುತ್ತಿರಲಿಲ್ಲ. ತಂದೆಗೆ ಸೈನ್ಯದ ಆಶ್ರಯದಲ್ಲಿ ಉದ್ಯೋಗವಿದ್ದುದರಿಂದ ಸಂಸಾರವು ಪುಣೆಗೆ ಬಂದಿತು. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಊರಿಗೆ ಹೋದ ಅಸಂಖ್ಯ ಸಂಸಾರಗಳಲ್ಲಿ ಅದೂ ಒಂದು. ಸೈನಿಕರು ಆಡಿ ಬಿಟ್ಟ ದಾಂಡು ಚೆಂಡುಗಳಿಂದಲೇ ಬಾಳೂ ಮತ್ತು ಅವರ ತಮ್ಮಂದಿರು ಆಟ ಕಲಿತರು.

ಮೊದಲ ಉದ್ಯೋಗ ಪಾರಸಿಗಳ ಕ್ರಿಕೆಟ್ ಸಂಘವೊಂದರಲ್ಲಿ. ಮೈದಾನ ಗುಡಿಸುವುದು, ಪಿಚ್ಚಿನ ಮೇಲೆ ರೋಲರು ಎಳೆಯುವುದು, ಆಗಾಗ ಸದಸ್ಯರಿಗೆ ಚೆಂಡೆಸೆಯುವುದು ಕೆಲಸ. ತಿಂಗಳಿಗೆ 3 ರೂಪಾಯಿ ಸಂಬಳ. 1892ರ ಸುಮಾರಿಗೆ ಯುರೋಪಿಯನರ ಪೂನಾ ಕ್ಲಬ್ಬಿಗೆ ಸೇರಿದಾಗ ಸಂಬಳ 4 ರೂಪಾಯಿಯಾಯಿತು. ಅಲ್ಲಿ ಇಂಗ್ಲಿಷ್ ಅಧಿಕಾರಿಗಳಿಗೆ ಅಭ್ಯಾಸ ಮಾಡಿಸಲು ಗಂಟೆಗಟ್ಟಲೆ ಚೆಂಡೆಸೆಯುವ ಅವಕಾಶ ದೊರೆಯಿತು. ಅವರಲ್ಲಿ ಪ್ರಸಿದ್ಧರು ಜೆ. ಜಿ. ಗ್ರೇಗ್. ತಮ್ಮನ್ನು ಒಮ್ಮೆ ಔಟು ಮಾಡಿದರೆ ಎಂಟಾಣೆ ಕೊಡುವುದಾಗಿ ಗ್ರೇಗರು ಹೇಳಿದ್ದರೆಂಬ ಕಥೆಯುಂಟು. ಅದು ಕಥೆಯೆಂದೇ ಪ್ರಸಿದ್ಧ. ನಾವೂ ಹಾಗೆಯೇ ಹೇಳುವುದು ಲೇಸು. ಎಡಗೈ ನಿಧಾನಗತಿಯ ಬೌಲಿಂಗಿನಲ್ಲಿ ಬಾಳೂ ಅವರಿಗೆ ಸಿದ್ಧಿಸಿದ ಅಸಾಧಾರಣ ಹಿಡಿತವು ಈ ದುಡಿಮೆಯಿಂದ ಬಂದುದೆಂಬುದು ಮಾತ್ರ ನಿಶ್ಚಯ. ಅಲ್ಲಿ ದಾಂಡು ಹಿಡಿಯುವ ಭಾಗ್ಯ ಅವರಿಗಿರಲಿಲ್ಲ. ದಾಂಡು ದೊರೆಗಳದು, ಚೆಂಡು ಆಳಿನದು ಎಂಬುದು ಅಂದಿನ ಪದ್ಧತಿ.

ಮಣ್ಣಿನ ಕುಡಿಕೆ

ಪುಣೆಯ ಹಿಂದೂ ತಂಡವು ಯುರೋಪಿಯನರನ್ನು ಸೋಲಿಸಲು ಹವಣಿಸುತ್ತಿದ್ದ ಕಾಲವದು. ಯುರೋಪಿಯನರಿಗೆ ದಿನವೂ ಚೆಂಡೆಸೆದು ಅವರ ಬಲಾಬಲಗಳನ್ನೆಲ್ಲ ಬಲ್ಲ ಬೌಲರು ಅದೇ ಊರಿನಲ್ಲಿದ್ದರು. ಕರೆಯಬೇಕೋ ಬಾರದೋ ಎಂಬ ವಿಷಯದಲ್ಲಿ ತಂಡದೊಳಗೆ ಭೇದವುಂಟಾಯಿತು. ಕಡೆಗೆ ಗೆಲ್ಲುವ ಆಸೆಯು ಮಡಿಯನ್ನು ಮೀರಿತು. ಬಾಳೂ ತಂಡಕ್ಕೆ ಸೇರಿದರು.

ಆದರೆ ಮಡಿಯು ಮೈದಾನದ ಗೆರೆಯವರೆಗೆ ಮಾತ್ರ ಸಡಿಲವಾಗಿತ್ತು. ಆಟದ ನಡುವೆ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಚಹದ ವೇಳೆಯಾದೊಡನೆ ಉಳಿದ ಆಟಗಾರರು ಪೆವಿಲಿಯನ್ನಿನ ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಕುಡಿದರೆ, ಬಾಳೂ ಅವರಿಗೆ ಹೊರಗಡೆ, ಕುಡಿದು ಒಡೆದೆಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು. ಉಪಾಹಾರಗೃಹಗಳಲ್ಲಿ ದುಡಿಯುವ ನಮ್ಮ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರಿಗೆ ಯಾವ ಲೋಟ, ಯಾರು ಒಳಗೆ, ಯಾರು ಹೊರಗೆ ಎಂಬ ಲೆಕ್ಕವನ್ನು ನಮ್ಮ ನಾಡಿನ ಹೋಟೆಲುಗಳೂ ಬಹುಕಾಲ ಇಟ್ಟಿದ್ದವು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಅಂದಿನ ಸ್ಕೋರು ಪಟ್ಟಿಯನ್ನು ನೋಡಿದರೆ ಬಾಳೂ ಅವರ ವಿಕೆಟ್ಟುಗಳು ಕಾಣುತ್ತವೆ. ಆ ಕುಡಿಕೆ ಕಾಣುವುದಿಲ್ಲ. ಪಟ್ಟಿಯಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಆದರೂ ಆ ದಿನ ನಡೆದುದರಲ್ಲಿ ಅತಿ ದೊಡ್ಡ ಸಂಗತಿಯು ಅದರಲ್ಲಿಲ್ಲ. ನಿಷ್ಪಕ್ಷಪಾತದ ವರದಿ ಎಂಬುದು ಅಂಕಿಗಳನ್ನು ಬರೆದಿಟ್ಟು ಕೈತೊಳೆದುಕೊಳ್ಳುವುದಲ್ಲ. ಕಣ್ಣಿಗೆ ಬಿದ್ದ ಸಂಗತಿಯನ್ನು ರೂಢಿಯೆಂದು ಬಿಟ್ಟುಬಿಡುವುದೂ ಒಂದು ಪಕ್ಷಪಾತವೇ.

ಮುಂಬಯಿಯಲ್ಲಿ

ಪುಣೆಯಲ್ಲಿ ಪ್ಲೇಗು ಹಬ್ಬಿದ ಕಾಲಕ್ಕೆ ಬಾಳೂ ಮುಂಬಯಿಗೆ ಬಂದರು. ಅಲ್ಲಿ ಕೆಲಕಾಲ ಸೈನ್ಯದ ತಂಡಕ್ಕೂ, ಅನಂತರ ಉದ್ಯೋಗ ದೊರೆತ ಬಿ. ಬಿ. ಅಂಡ್ ಸಿ. ಐ. ರೈಲ್ವೆಯ ತಂಡಕ್ಕೂ ಆಡಿದರು. ಪರಮಾನಂದದಾಸ ಜೀವನದಾಸ ಹಿಂದೂ ಜಿಮಖಾನಾದವರು ಹಿಂದುಮುಂದು ನೋಡಿ, ಕಡೆಗೆ ಅವರನ್ನು ತಮ್ಮ ತಂಡಕ್ಕೆ ತೆಗೆದುಕೊಂಡರು.

1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಮುಂಬಯಿಯಲ್ಲಿ ಯುರೋಪಿಯನರ ತಂಡವನ್ನು ಎದುರಿಸಿತು. ಹಿಂದೂಗಳು 242 ಮತ್ತು 160. ಯುರೋಪಿಯನರು 191 ಮತ್ತು 102. ಆಳುವವರನ್ನು ಆಳಿಸಿಕೊಳ್ಳುವವರು 109 ಓಟಗಳಿಂದ ಸೋಲಿಸಿದರು. ಗೆದ್ದ ತಂಡದಲ್ಲಿ ಬಾಳೂ ಮಾತ್ರವಲ್ಲದೆ ಅವರ ತಮ್ಮ ಶಿವರಾಮರೂ ಇದ್ದರು.

ಕೆ. ನಟರಾಜನ್ ಅವರ ಸಂಪಾದಕತ್ವದ ಇಂಡಿಯನ್ ಸೋಷಿಯಲ್ ರಿಫಾರ್ಮರ್ ಎಂಬ ವಾರಪತ್ರಿಕೆಯು ಈ ಗೆಲುವಿನ ಮೇಲೆ ಬರೆಯಿತು. ಅದು ಕ್ರೀಡಾಪತ್ರಿಕೆಯಲ್ಲ, ಸಮಾಜಸುಧಾರಣೆಗಾಗಿ ಹುಟ್ಟಿದ ಅಭಿಪ್ರಾಯ ಪತ್ರಿಕೆ. ಅಸ್ಪೃಶ್ಯರೆನಿಸಿಕೊಂಡ ಸೋದರರನ್ನು ತಂಡದಲ್ಲಿ ಸೇರಿಸಿಕೊಂಡುದು ಆಟದ ಗೆಲುವಿಗಿಂತಲೂ ಹಿರಿದಾದ ಗೆಲುವೆಂದೂ, ಜಾತಿಯ ಕಟ್ಟುಗಳಿಂದ ದೇಶವು ಬಿಡುಗಡೆ ಹೊಂದುವ ಹಾದಿಯಲ್ಲಿ ಅದೊಂದು ಮೈಲುಗಲ್ಲೆಂದೂ ಅದು ಭಾವಿಸಿತು. ಇದು ನಿಸ್ಸಂದೇಹವಾಗಿ ಅಭಿಪ್ರಾಯ. ಆದರೆ ಅಭಿಪ್ರಾಯವೆಂದೇ ಹೇಳಿಕೊಂಡು, ಸಂಗತಿಯ ಬುನಾದಿಯ ಮೇಲೆ ನಿಂತ ಅಭಿಪ್ರಾಯ. ವರದಿಗಾರನು ಕಾಣದೆ ಬಿಟ್ಟುದನ್ನು ಟೀಕಾಕಾರನು ಕಂಡನು.

ಇಂಗ್ಲೆಂಡಿನ ಬೇಸಗೆ

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ ಸಿಂಗರ ನಾಯಕತ್ವದಲ್ಲಿ ಭಾರತೀಯ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಮಹಾರಾಜರು ಕೆಲವು ಪಂದ್ಯಗಳನ್ನಾಡಿ ರಾಜಯೋಗ್ಯವಾದ ಇತರ ಕಲಾಪಗಳಲ್ಲಿ ಮಗ್ನರಾದರು. ತಂಡವು 14 ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಹತ್ತನ್ನು ಸೋತು ಎರಡನ್ನು ಮಾತ್ರ ಗೆದ್ದಿತು. ಅಂತಹ ತಂಡದಲ್ಲಿದ್ದು, ಮೂವತ್ತೈದರ ಹರೆಯದಲ್ಲಿ, ನೋಯುವ ಭುಜದಿಂದ ಚೆಂಡೆಸೆದು ಬಾಳೂ ಎಲ್ಲ ಪಂದ್ಯಗಳಲ್ಲಿ ಒಟ್ಟು 114 ವಿಕೆಟ್ಟುಗಳನ್ನು ಪಡೆದರು. ಸರಾಸರಿ ವಿಕೆಟ್ಟೊಂದಕ್ಕೆ 18.84 ಓಟಗಳು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ 103 ಓಟಗಳಿಗೆ 8 ವಿಕೆಟ್ಟು, ಲೆಸ್ಟರ್‌ಶೈರ್ ವಿರುದ್ಧ ಗೆದ್ದ ಪಂದ್ಯದಲ್ಲಿ 11 ವಿಕೆಟ್ಟು.

ಈ ಅಂಕಿಗಳನ್ನು ಬರೆದಿಟ್ಟವರಿಗೆ ಧಾರವಾಡವೂ ಗೊತ್ತಿರಲಿಲ್ಲ, ಚಮ್ಮಾರನೆಂದರೆ ಏನೆಂಬುದೂ ಗೊತ್ತಿರಲಿಲ್ಲ. ಎಸೆದ ಚೆಂಡನ್ನು ಎಣಿಸಿದರು, ಬಿದ್ದ ವಿಕೆಟ್ಟನ್ನು ಬರೆದರು. ಅಷ್ಟೇ ಸಾಕಾಯಿತು. ಬಾಳೂ ತಾಯ್ನಾಡಿಗೆ ಮರಳಿದಾಗ ಮುಂಬಯಿಯ ದಲಿತ ಸಮಾಜವು ಅವರನ್ನು ತಮ್ಮ ವೀರನೆಂದು ಎದುರುಗೊಂಡಿತು. ಆ ಕಾಲದ ತರುಣ ಭೀಮರಾವ್ ಅಂಬೇಡ್ಕರರೂ ಅವರ ಅಭಿಮಾನಿಗಳಲ್ಲೊಬ್ಬರು.

ನಾಯಕತ್ವದ ಪ್ರಶ್ನೆ

ತಂಡದಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಅನುಭವಿ, ಎಲ್ಲರಿಗಿಂತ ಹೆಚ್ಚು ವಿಕೆಟ್ಟು ಪಡೆದವನು ನಾಯಕನಾಗಬೇಕಾದುದು ನ್ಯಾಯ. ಆದರೆ ವರ್ಷ ವರ್ಷವೂ ನಾಯಕತ್ವವು ಮೇಲ್ಜಾತಿಯವರ ಕೈಗೇ ಹೋಯಿತು. ನಾಯಕರಾದ ಎಂ. ಡಿ. ಪೈ ಅವರೇ, ಆ ಗೌರವವು ಹಿರಿಯ ಆಟಗಾರರಾದ ಬಾಳೂ ಅವರಿಗೆ ಸಲ್ಲಬೇಕಾಗಿತ್ತೆಂದು ಸಭೆಯೊಂದರಲ್ಲಿ ಬಹಿರಂಗವಾಗಿ ಹೇಳಿದರು. ಆಯ್ಕೆಗಾರರಿಗೆ ಅಂಕಿಗಳು ತಿಳಿಯದೆ ಇರಲಿಲ್ಲ; ಅಂಕಿಗಳಿಗಿಂತ ಮುಂಚೆಯೇ ಅಭಿಪ್ರಾಯವು ನಿಶ್ಚಿತವಾಗಿತ್ತು.

1920ರಲ್ಲಿ ಮಾತು ಬೀದಿಗೆ ಬಂದಿತು. ಪೈ ಅವರು ಅಸ್ವಸ್ಥರಾಗಿದ್ದರು. ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟು, ಅವರಿಗಿಂತ ಬಹಳ ಕಿರಿಯರಾದ ಡಿ. ಬಿ. ದೇವಧರರಿಗೆ ನಾಯಕತ್ವ ಕೊಡಲಾಯಿತು. ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲರು ಆಡಲೊಲ್ಲೆವೆಂದು ಹೊರಗುಳಿದು, ಕಾರಣವನ್ನು ಪತ್ರಿಕೆಯಲ್ಲಿ ಹೇಳಿಕೆಯಾಗಿ ಪ್ರಕಟಿಸಿದರು. ಜಾತಿಯೇ ಕಾರಣವೆಂಬುದನ್ನು ಅವರು ಮರೆಮಾಡಲಿಲ್ಲ. ಮುಂಬಯಿಯ ಜನ ಅದನ್ನೋದಿ ಚರ್ಚಿಸಿದರು. ಮುಂದಿನ ಪಂದ್ಯದಲ್ಲಿ ಪೈ ನಾಯಕರಾಗಿ ಮರಳಿದರು, ಬಾಳೂ ಉಪನಾಯಕರಾದರು. ಪೈ ಅವರು ಸ್ವಲ್ಪ ಹೊತ್ತು ಮೈದಾನದಿಂದ ಹೊರಗೆ ನಡೆದಾಗ, ಆ ಸ್ವಲ್ಪ ಹೊತ್ತು ಬಾಳೂ ಹಿಂದೂ ತಂಡದ ನಾಯಕರಾಗಿದ್ದರು. ಅವರಿಗೆ ದೊರೆತ ನಾಯಕತ್ವ ಅಷ್ಟೇ.

ಅಣ್ಣನಿಗೆ ಸಿಗದುದು ತಮ್ಮನಿಗೆ ಸಿಕ್ಕಿತು. 1923ರಲ್ಲಿ ವಿಠ್ಠಲರು ನಾಯಕರಾದರು. ಆ ವರ್ಷ ಹಿಂದೂ ತಂಡವು ಚತುಷ್ಕೋಣ ಪಂದ್ಯಾವಳಿಯನ್ನು ಗೆದ್ದಿತು.

ಇದೇ ದಿನಗಳಲ್ಲಿ, 1921ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಸಂಪಾದಕ ಸಿ. ಪಿ. ಸ್ಕಾಟ್ ಅವರು ತಮ್ಮ ಪತ್ರಿಕೆಯ ನೂರನೆಯ ವರ್ಷದಲ್ಲಿ ಬರೆದ ಲೇಖನವೊಂದರಲ್ಲಿ, ಟೀಕೆಗೆ ಸ್ವಾತಂತ್ರ್ಯವಿದ್ದರೂ ಸಂಗತಿಯು ಪವಿತ್ರವೆಂಬ ಸೂತ್ರವನ್ನು ಮುಂದಿಟ್ಟರು. ಅದೇ ಪತ್ರಿಕೆಯಲ್ಲಿ 1919ರಿಂದ ಕ್ರಿಕೆಟ್ಟಿನ ಮೇಲೆ ಬರೆಯತೊಡಗಿದ್ದ ನೆವಿಲ್ ಕಾರ್ಡಸರು ಅಂಕಿಗಿಂತ ಆಟಗಾರನ ವ್ಯಕ್ತಿತ್ವವೇ ಹಿರಿದೆಂದು ಬಗೆದು, ಆಟದ ವರದಿಯನ್ನು ಸಾಹಿತ್ಯವನ್ನಾಗಿ ಮಾಡಿದರು. ರಸಿಕನಿಗೆ ಕಾರ್ಡಸರು ಬೇಕು. ಆದರೆ ಸ್ಕೋರು ಪಟ್ಟಿಯನ್ನು ಹಗುರವಾಗಿ ಕಾಣಲು, ತನ್ನ ಯೋಗ್ಯತೆಯನ್ನು ಜನ ಹೇಗೂ ಒಪ್ಪುತ್ತಾರೆಂಬ ನಂಬಿಕೆ ಇರಬೇಕು. ಬಾಳೂ ಅಂತಹವರಿಗೆ ಆ ನಂಬಿಕೆ ಇರಲಿಲ್ಲ. ಅವರ ಪಾಲಿಗೆ ಸ್ಕೋರು ಪಟ್ಟಿಯೇ ವಕೀಲ.

ಕೊನೆಯ ವರ್ಷಗಳು

ಆಟ ಬಿಟ್ಟ ಮೇಲೆ ಬಾಳೂ ಸಾರ್ವಜನಿಕ ಜೀವನಕ್ಕೆ ಬಂದರು. 1932ರ ಪುಣೆ ಒಪ್ಪಂದದ ಸಂಧಾನದಲ್ಲಿ ಭಾಗವಹಿಸಿದರು. 1937ರಲ್ಲಿ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸು ಅವರನ್ನು ಅಂಬೇಡ್ಕರರ ವಿರುದ್ಧವೇ ನಿಲ್ಲಿಸಿತು. ಅಂಬೇಡ್ಕರರಿಗೆ 13,245 ಮತಗಳು, ಬಾಳೂ ಅವರಿಗೆ 11,225. ಅಭಿಮಾನಿಯು ಗೆದ್ದನು, ಅಭಿಮಾನಕ್ಕೆ ಪಾತ್ರನಾದವನು ಸೋತನು. ಇವರಲ್ಲಿ ಯಾರ ದಾರಿ ಸರಿಯೆಂಬುದು ಅಭಿಪ್ರಾಯದ ಮಾತು. ಅದು ಬೇರೆ ಲೇಖನಕ್ಕೆ ಸೇರಿದ್ದು.

ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು 1932ರ ಜೂನಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಡಿದಾಗ, ನಾಯಕರಾಗಿದ್ದವರು ಈ ನಾಗಪುರದಲ್ಲಿಯೇ ಹುಟ್ಟಿ ಬೆಳೆದ ಸಿ. ಕೆ. ನಾಯುಡು. ಬಾಳೂ ಅವರಿಗೆ ಆಗ ಐವತ್ತು ಮೀರಿತ್ತು. ಆದುದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. 33 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 15.21ರ ಸರಾಸರಿಯಲ್ಲಿ 179 ವಿಕೆಟ್ಟು: ಅವರ ಆಸ್ತಿ ಇಷ್ಟು. 1955ರ ಜುಲೈ 4ರಂದು ಮುಂಬಯಿಯಲ್ಲಿ ಅವರು ತೀರಿಕೊಂಡರು.

ಬಳಿಕ ಬಹುಕಾಲ ಲೋಕವು ಅವರನ್ನು ಮರೆಯಿತು. 2002ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತೀಯ ಕ್ರಿಕೆಟ್ಟಿನ ಇತಿಹಾಸವನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಸೋದರರ ಕಥೆಯನ್ನು ವಿಸ್ತಾರವಾಗಿ ಹೇಳಿದ ಮೇಲೆ ಹೆಸರು ಮತ್ತೆ ಬೆಳಕಿಗೆ ಬಂದಿತು. ಅದಕ್ಕೆ ಆಧಾರವಾದುವು ಹಳೆಯ ಪತ್ರಿಕೆಗಳ ಪುಟಗಳು. ಅವುಗಳ ಜೊತೆಗೆ, ತಮ್ಮ ವಿಠ್ಠಲರು 1948ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ಆತ್ಮಚರಿತ್ರೆ. ಆಟಗಾರನ ಯೋಗ್ಯತೆಗೆ ಅಂಕಿಗಳು ಸಾಕ್ಷಿಯಾದರೆ, ಅವನು ಉಂಡ ಅವಮಾನಕ್ಕೆ ಮನೆಯವನೊಬ್ಬನು ಸಾಕ್ಷಿ ಬರೆದಿಡಬೇಕಾಯಿತು.

ಇಂದು ಆಟದ ಪುಟಗಳಲ್ಲಿ ಅಭಿಪ್ರಾಯಕ್ಕೆ ಕೊರತೆಯಿಲ್ಲ. ಯಾರು ಆಡಬೇಕು, ಯಾರನ್ನು ಕೈಬಿಡಬೇಕು ಎಂದು ಹೇಳುವವರು ಗಲ್ಲಾದ ಮುಂದೆಯೂ ಇದ್ದಾರೆ, ಕಚೇರಿಯಲ್ಲಿಯೂ ಇದ್ದಾರೆ. ಹೇಳಲಿ; ಅದು ಆಟದ ಸುಖಗಳಲ್ಲೊಂದು. ಆದರೆ ಬರೆಯುವವನು ಮೊದಲು ನಡೆದುದನ್ನು ಪೂರ್ತಿಯಾಗಿ ಬರೆಯಲಿ, ಗೆರೆಯ ಆಚೆ ನಡೆದುದನ್ನೂ ಬಿಡದೆ. ಆಮೇಲೆ ತನ್ನ ಅಭಿಪ್ರಾಯವನ್ನು ತನ್ನದೆಂದು ಹೇಳಿ ಬೇರೆಯಾಗಿ ಬರೆಯಲಿ. ಓದುವವನೂ ಅಷ್ಟೇ: ಹೊಗಳಿಕೆ ತೆಗಳಿಕೆಗಳನ್ನು ನಂಬುವ ಮುನ್ನ ಪುಟದ ಕೆಳಗಿನ ಸಣ್ಣ ಅಕ್ಷರದ ಅಂಕಿಗಳ ಕಡೆಗೆ ಒಮ್ಮೆ ಕಣ್ಣು ಹಾಯಿಸಲಿ. ಧಾರವಾಡದ ಆ ಬಾಲಕನಿಗೆ ಅವನ ಕಾಲದಲ್ಲಿ ಸುಳ್ಳು ಹೇಳದೆ ಉಳಿದ ಗೆಳೆಯರು ಆ ಸಣ್ಣ ಅಕ್ಷರಗಳೇ.